ಮುಂದೆ ನಾಲ್ಕು, ಹಿಂದೆ ಎರಡು

ವಾಲ್ಪರೈಸೊದಲ್ಲಿ ಅವರಿಗೆ ಕಪ್ಪೆ ಅನ್ನುತ್ತೇವೆ.
ಔಷಧಿ ಅಂಗಡಿಯ ಸೂರಿನ ಕೆಳಗೆ
ಮೋಟು ಪೆನ್ಸಿಲು, ಮಡಿಸಿದ ಪುಸ್ತಕ ಹಿಡಿದು
ಹೋದ ಬಸ್ಸುಗಳ ಹೊತ್ತು ಗೀಚಿಕೊಳ್ಳುವವರು.
ನಮ್ಮ ಮೂಲೆಯ ಕಪ್ಪೆ ಆನ್ಸೆಲ್ಮೊ.
ಕಿಟಕಿಯಿಂದ ನಾಣ್ಯ ಎಸೆಯುತ್ತೇನೆ,
ಅವನು ಕೂಗುತ್ತಾನೆ:
ಮುಂದೆ ನಾಲ್ಕು, ಹಿಂದೆ ಎರಡು!

ಅಂದರೆ, ಮುಂದಿನ ಬಸ್ಸು ಹೋಗಿ ನಾಲ್ಕು ನಿಮಿಷವಾಯಿತು,
ಹಿಂದಿನದು ಇನ್ನೆರಡರಲ್ಲಿ ಬಂದು ಹೆಗಲು ಮುಟ್ಟುತ್ತದೆ.
ಆ ನಾಲ್ಕು ನಿಮಿಷದಲ್ಲಿ ಬಂದು ನಿಂತವರು ನನ್ನವರು,
ನಿಧಾನಿಸಿದರೆ ಅವನ ಪಾಲು.
ಕಪ್ಪೆಯನ್ನು ತಕ್ಕಡಿಯಲ್ಲಿ ತೂಗಲಾಗದು ಅಂತಾರೆ.
ಇಲ್ಲಿ ಕಪ್ಪೆಯೇ ನಮ್ಮನ್ನು ತೂಗುತ್ತದೆ
ದಿನಕ್ಕೆ ಆರು ಸಲ, ನಿಮಿಷಗಳ ಬಟ್ಟು ಇಟ್ಟು.

ಬೈಯುತ್ತೀರಿ, ಗೊತ್ತು.
ಮುದುಕಿ ಕೂರುವ ಮೊದಲೇ ಬಿಟ್ಟುಬಿಟ್ಟ,
ತಿರುವಿನಲ್ಲಿ ಮೊಟ್ಟೆ ಒಡೆಸಿದ,
ನಮಸ್ಕಾರ ಅಂದರೆ ತಿರುಗಿ ನೋಡಲ್ಲ.
ಟಿಕೆಟ್ಟಿಗಿಷ್ಟು ಅಂತ ಸಂಬಳ ಬರುವವನ ಕುತ್ತಿಗೆ
ಕನ್ನಡಿಯ ಕಡೆಗಷ್ಟೇ ತಿರುಗುತ್ತದೆ.
ಬೆಳಿಗ್ಗೆ ಐದಕ್ಕೆ ಒಂದು ಗುಟುಕು ಕಾಫಿ, ಆಮೇಲೆ ನೀರೂ ಇಲ್ಲ.
ನಲವತ್ತು ಗುಡ್ಡ, ಲೆಕ್ಕವಿಲ್ಲದ ಮೆಟ್ಟಿಲು,
ಇಡೀ ಪೆಸಿಫಿಕ್ ಸಾಗರ ಕಣ್ಣೆದುರು.
ಒಂದು ಕಕ್ಕಸಿಲ್ಲ.
ರಾತ್ರಿ ನಿದ್ದೆಯಲ್ಲಿ ಬಲಗಾಲು ಹಾಸಿಗೆಯನ್ನು ಒತ್ತುತ್ತದಂತೆ,
ಯೊಲಾಂಡ ಬೆಳಿಗ್ಗೆ ಕೇಳುತ್ತಾಳೆ: ಯಾರು ಅಡ್ಡ ಬಂದರು?

ಒಳ್ಳೆಯದೂ ಇದೆ, ಇಲ್ಲ ಅನ್ನಲ್ಲ.
ಹಿಂದಿನ ಬಾಗಿಲಿಂದ ಹತ್ತಿದವನ ನೋಟು
ಕೈಯಿಂದ ಕೈ ದಾಟಿ ನನ್ನವರೆಗೆ ಬರುತ್ತದೆ,
ಚಿಲ್ಲರೆ ಅದೇ ಕೈಗಳ ಮೇಲೆ ವಾಪಸು.
ಹನ್ನೊಂದು ವರ್ಷದಲ್ಲಿ ಒಂದು ಪೆಸೊ ಕಳೆದಿಲ್ಲ.
ಮೀನು ಮಾರುಕಟ್ಟೆಯಲ್ಲಿ ಕಂದು ನಾಯಿಯೊಂದು ಹತ್ತಿ
ಮೂರನೇ ಸ್ಟಾಪಿನಲ್ಲಿ ಇಳಿಯುತ್ತದೆ.
ನನ್ನ ಮೇಲೆ ದೂರು ಕೊಡದ ಪ್ರಯಾಣಿಕ ಅದೊಂದೇ.

ಸ್ಕೂಲು ಮಕ್ಕಳ ವಿಷಯವನ್ನೂ ಹೇಳಿಬಿಡುತ್ತೇನೆ.
ಅವರ ಟಿಕೆಟ್ಟು ಮೂರರಲ್ಲಿ ಒಂದು ಪಾಲು.
ಬಸ್ಸು ತುಂಬುತ್ತದೆ, ಜೇಬು ತುಂಬುವುದಿಲ್ಲ.
ನೀಲಿ ಯೂನಿಫಾರ್ಮು ಎದುರಾದರೆ
ನಮ್ಮ ಕಣ್ಣಿಗೆ ಬಿಸಿಲು ಹೊಡೆಯುತ್ತದೆ,
ಮಳೆಗಾಲದಲ್ಲೂ.

ಜೂನ್ ತಿಂಗಳ ಒಂದು ಸಂಜೆ, ಸಮುದ್ರದಿಂದ ಅಡ್ಡಮಳೆ.
ಮೂಲೆಯಾಚೆ ಮೂವತ್ತು ಮಕ್ಕಳು, ಬ್ಯಾಗು ತಲೆಯ ಮೇಲೆ.
ಎಷ್ಟು ಬಸ್ಸು ಅವರನ್ನು ದಾಟಿ ಹೋಗಿತ್ತೋ,
ಅದೂ ಆ ಪುಸ್ತಕದಲ್ಲಿದ್ದೀತು.
ನಾಣ್ಯ ಎಸೆದೆ. ಆನ್ಸೆಲ್ಮೊ ಪುಸ್ತಕ ನೋಡಲಿಲ್ಲ.
ಮುಂದೆ ಒಂಬತ್ತು, ಅಂದ.
ಹಿಂದೆ?
ಹಿಂದೆ ಯಾರೂ ಇಲ್ಲ. ಎರಿಬೆರ್ತೊನ ಗಾಡಿ ಕೆಟ್ಟು ನಿಂತಿದೆ.

ಹಿಂದೆ ಯಾರೂ ಇಲ್ಲ.
ಈ ಮಾತು ನಾನು ಅದುವರೆಗೆ ಕೇಳಿರಲಿಲ್ಲ.
ಹೆಗಲ ಮೇಲಿಂದ ಏನೋ ಇಳಿದುಹೋಯಿತು,
ಹನ್ನೊಂದು ವರ್ಷ ಅದನ್ನು ಹೆಗಲೇ ಅಂದುಕೊಂಡಿದ್ದೆ.
ನಿಲ್ಲಿಸಿದೆ. ಬಾಗಿಲು ತೆರೆದೆ.
ಮಕ್ಕಳು ನಂಬದೆ ಒಂದು ಕ್ಷಣ ಮಳೆಯಲ್ಲೇ ನಿಂತಿದ್ದರು.
ಆಮೇಲೆ ಕಿರುಚಾಟ, ಒದ್ದೆ ಉಣ್ಣೆಯ ವಾಸನೆ,
ಗಾಜಿನ ಮೇಲೆ ಆವಿ,
ಆವಿಯ ಮೇಲೆ ಬೆರಳಲ್ಲಿ ಬರೆದ ಹೆಸರುಗಳು.
ಮುದುಕಿಯೊಬ್ಬಳು ಹತ್ತಿ ಕೂರುವವರೆಗೂ ಕಾದೆ.
ಅವಳಿಗೆ ಗಾಬರಿ: ಏನಾಯ್ತಪ್ಪಾ, ಇಂಜಿನ್ ಹೋಯಿತೇ?

ಡಿಪೋದಲ್ಲಿ ಎರಿಬೆರ್ತೊ ಕಾಲರು ಹಿಡಿದ.
ಎರಡೇ ನಿಮಿಷ! ಉದ್ದಕ್ಕೂ ನಿನ್ನ ಬೆನ್ನಿಗೇ ಇದ್ದೆ,
ಆ ಇಕ್ಕಟ್ಟಿನಲ್ಲಿ ಮುಂದೆ ಹೋಗಲೂ ಬಿಡಲಿಲ್ಲ,
ಲೈಟು ಹಾಕಿದೆ, ಹಾರ್ನ್ ಹೊಡೆದೆ,
ಕನ್ನಡಿ ನೋಡೋದು ಮರೆತೆಯಾ?
ನೋಡಿದ್ದೆ.
ಹಿಂದಿನ ಗಾಜಿನ ತುಂಬ ಹೆಸರುಗಳಿದ್ದವು.

ಮರುದಿನ ಆನ್ಸೆಲ್ಮೊನನ್ನು ಕೇಳಿದೆ.
ಮಳೆಗೆ ಪೆನ್ಸಿಲು ಅಳಿಸಿತ್ತು ಕಣೋ, ಅಂದ.
ಪೆನ್ಸಿಲು ಮಳೆಗೆ ಅಳಿಸುವುದಿಲ್ಲ.
ಇಬ್ಬರಿಗೂ ಗೊತ್ತು.
ನಾಣ್ಯ ಎಸೆದೆ.
ಮುಂದೆ ಮೂರು, ಅಂದ, ಹಿಂದೆ ಎರಡು.
ಗೇರು ಬದಲಿಸಿದೆ.
ಮೂಲೆಯಾಚೆ ನೀಲಿ ಬಣ್ಣ.
ಬಿಸಿಲಿರಲಿಲ್ಲ.